ತುಕ್ಕಿನ ನೆಪ

ಹೇಳಿಬಿಟ್ಟರೆ ಏನಾದೀತು? ಹೇಳದೆ ಇದ್ದರೆ ಇನ್ನೆಷ್ಟು ಕಾಲ ನಡೆದೀತು?

ಚಕ್ರ ಬಿಚ್ಚಿದ ಕಾರಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ತಂತಿ ಬ್ರಷ್ಷನ್ನು ಅಂಗೈಯಲ್ಲಿ ತಿರುಗಿಸುತ್ತ ಅವನು ಇದನ್ನೇ ಯೋಚಿಸುತ್ತಿದ್ದ. ಎದುರಿಗೆ ಬ್ರೇಕ್ ಡಿಸ್ಕು. ಪ್ಯಾಡ್ ಉಜ್ಜುವ ಅಂಚು ಕನ್ನಡಿಯಂತೆ ಹೊಳೆಯುತ್ತಿತ್ತು. ಯಾವ ಪ್ಯಾಡೂ ಮುಟ್ಟದ ನಡುವಿನ ಹಬ್ ಮಾತ್ರ ಎಂದಿನಂತೆ ಕೆಂಪಗೆ ತುಕ್ಕು ಹಿಡಿದಿತ್ತು.

ಮೇಲುಮೇಲಿನ ತುಕ್ಕು. ಬ್ರೇಕಿಗೆ ಅದರಿಂದ ಏನೂ ಆಗುವುದಿಲ್ಲ, ನೋಡಲು ಅಸಹ್ಯ ಅಷ್ಟೆ. ಬ್ರಷ್ಷಿನಿಂದ ಉಜ್ಜಿದರೆ ಹೋಗುತ್ತದೆ, ಬರಿ ಕಬ್ಬಿಣ ಗಾಳಿ ಕುಡಿದು ಮತ್ತೆ ಕೆಂಪಾಗುತ್ತದೆ. ಉಜ್ಜಿದ ಮೇಲೆ ಶಾಖ ತಡೆಯುವ ಬೆಳ್ಳಿ ಬಣ್ಣ ಒಂದು ಕೈ ಹಚ್ಚಿದರೆ ವರ್ಷಗಟ್ಟಲೆ ತಿರುಗಿ ನೋಡಬೇಕಿಲ್ಲ. ಗ್ಯಾರೇಜಿಗೆ ಬರುವ ಬೇರೆ ಕಾರುಗಳಿಗೆಲ್ಲ ಅವನು ಹಚ್ಚುತ್ತಿದ್ದ. ಇದೊಂದಕ್ಕೆ ಹಚ್ಚಿರಲಿಲ್ಲ.

ಹಚ್ಚಿದರೆ ಅವಳು ಮತ್ತೆ ಯಾಕೆ ಬಂದಾಳು?

ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಕಾರು ಅವಳ ಅಪ್ಪನದು. ಲಕ್ವ ಹೊಡೆದು ಅಪ್ಪ ಕಿಟಕಿಯ ಪಕ್ಕದ ಮಂಚಕ್ಕೆ ಅಂಟಿಕೊಂಡ ಮೇಲೆ, ಬೀದಿಯಲ್ಲಿ ನಿಂತ ಆ ಕಾರನ್ನು ನೋಡುತ್ತ ಮಲಗುವುದೊಂದೇ ಅವರ ದಿನಚರಿ. ಚಕ್ರದ ಕಡ್ಡಿಗಳ ಸಂದಿಯಿಂದ ತುಕ್ಕು ಕಂಡರೆ ಊಟ ಬಿಡುತ್ತಿದ್ದರಂತೆ. "ನನ್ನ ಹಾಗೇ ಅದೂ ನಿಂತಲ್ಲೇ ಕೊಳೀತಿದೆ" ಅನ್ನುತ್ತಿದ್ದರಂತೆ. ಅದಕ್ಕೇ ಅವಳು ಗ್ಯಾರೇಜಿನ ಬಾಗಿಲಿಗೆ ಬಂದಿದ್ದು. ಮತ್ತೆ ಬಂದಿದ್ದು. ಮತ್ತೆ ಮತ್ತೆ ಬಂದಿದ್ದು.

"ಏನೋ ಅಳಿಯ," ಎಂದು ಗ್ಯಾರೇಜಿನ ಯಜಮಾನ, ಅವನ ಸೋದರಮಾವ, ಬಾನೆಟ್ಟಿನಡಿಯಿಂದಲೇ ಕೂಗುತ್ತಿದ್ದ. "ನಿನ್ನ ತುಕ್ಕು ಬಂತು ನೋಡು. ಹೀಗೇ ಉಜ್ಜುತ್ತಾ ಇರು, ಒಂದಿನ ಹಬ್ಬೇ ಸವೆದು ಹೋಗುತ್ತೆ. ಆಮೇಲೆ ಆ ಹುಡುಗಿ ಚಕ್ರಾನ ಕಂಕುಳಲ್ಲಿ ಇಟ್ಕೊಂಡು ಮನೆಗೆ ಹೋಗ್ಬೇಕು."

"ಸುಮ್ನಿರಿ ಮಾವ, ಕೇಳಿಸುತ್ತೆ."

"ಕೇಳಿಸ್ಲಿ ಅಂತಾನೇ ಅಲ್ವೇನೋ ಕೂಗೋದು. ನಿನಗಂತೂ ಬಾಯಿಲ್ಲ."

ಅವಳಿಗೆ ಕೇಳಿಸುತ್ತಿತ್ತೋ ಏನೋ. ಹಳೇ ಟೈರುಗಳ ರಾಶಿಯ ಮೇಲೆ ಕೈಚೀಲ ಹಾಸಿಕೊಂಡು ಕೂತು ಅವನ ಕೆಲಸ ನೋಡುತ್ತಿದ್ದಳು.

"ಕಣ್ಣು ಕಿರಿದು ಮಾಡ್ಕೊಂಡು ನೋಡ್ತೀರಲ್ಲ, ಒಂದ್ಸಲ ಅಂಗಡಿಗೆ ಬನ್ನಿ. ಪರೀಕ್ಷೆ ಮಾಡ್ತೀನಿ."

"ನನಗೆ ಚೆನ್ನಾಗೇ ಕಾಣುತ್ತೆ ಮೇಡಂ."

"ಕಾಣಬೇಕಾದ್ದೆಲ್ಲ ಕಾಣುತ್ತಾ?"

ಕತ್ತು ಸ್ವಲ್ಪ ವಾಲಿಸಿ, ರೆಪ್ಪೆ ಬಡಿಯದೆ, ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು ಎಂಬಂತೆ ಅವಳು ನೋಡುವ ರೀತಿಗೆ ಅವನ ಕೈಯಿಂದ ನಟ್ಟು ಜಾರಿ ಬೀಳುತ್ತಿತ್ತು. ಅವಳು ಎಲ್ಲರ ಕಣ್ಣನ್ನೂ ಹೀಗೇ ನೋಡುತ್ತಾಳೆ, ಅದು ಅವಳ ಉದ್ಯೋಗ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಹಾಗೆ ಹೇಳಿಕೊಂಡ ರಾತ್ರಿಗಳಲ್ಲಿ ಅವನಿಗೆ ನಿದ್ದೆ ಬರುತ್ತಿರಲಿಲ್ಲ.

ಈ ಸಲ ಅವಳು ಬರುವುದು ಬಹಳ ತಡವಾಗಿತ್ತು. ಬೆಳಿಗ್ಗೆ ಕಾರು ನಿಲ್ಲಿಸಿ, ಕೀಲಿಕೈ ಬೆಂಚಿನ ಮೇಲಿಟ್ಟು, ಮಾತಿಲ್ಲದೆ ಹೋಗಿದ್ದಳು. ಹಬ್‌ಗಳ ಮೇಲೆ ತುಕ್ಕು ಎಂದಿಗಿಂತ ದಪ್ಪವಾಗಿತ್ತು. ಏನೋ ಆಗಿದೆ ಎಂದು ಅದನ್ನು ನೋಡಿದಾಗಲೇ ಅವನಿಗೆ ಅನ್ನಿಸಿತ್ತು.

ಮಧ್ಯಾಹ್ನ ಬಂದಳು. ಟೈರುಗಳ ಮೇಲೆ ಕೂರಲಿಲ್ಲ.

"ಅಪ್ಪ ಹೋದ್ರು," ಅಂದಳು. "ಹೋದ ತಿಂಗಳು."

ಬ್ರಷ್ಷು ಕೈಯಲ್ಲೇ ನಿಂತಿತು. "ಗೊತ್ತಾಗ್ಲೇ ಇಲ್ಲ ಮೇಡಂ."

"ನಾನೂ ಯಾರಿಗೂ ಹೇಳೋ ಸ್ಥಿತೀಲಿರಲಿಲ್ಲ."

ಬಾನೆಟ್ಟಿನಡಿ ಮಾವನ ಸ್ಪ್ಯಾನರಿನ ಸದ್ದು ನಿಂತಿತು. ಹೊರಗೆ ಮೋಡ ಕವಿದ ಬೀದಿಯಲ್ಲಿ ಯಾರೋ ಸ್ಕೂಟರು ಒದೆಯುತ್ತಿದ್ದರು. ಅದು ಹತ್ತಿಕೊಳ್ಳುತ್ತಿರಲಿಲ್ಲ.

"ಅಕ್ಕ ಅವಳ ಊರಿಗೆ ಕರೀತಿದಾಳೆ. ಅಲ್ಲೂ ಒಂದು ಕನ್ನಡಕದ ಅಂಗಡಿ ಇದೆಯಂತೆ, ಕೆಲಸ ಕೊಡ್ತಾರಂತೆ. ದೂರ. ಹೋಗೋದೋ ಬೇಡ್ವೋ ಅಂತ ನಾನಿನ್ನೂ ಹೇಳಿಲ್ಲ." ಅವಳು ಬಾಗಿ, ಅರ್ಧ ಉಜ್ಜಿದ ಹಬ್ ಅನ್ನು ಬೆರಳ ತುದಿಯಿಂದ ಮುಟ್ಟಿದಳು. ಬೆರಳು ಕೆಂಪಾಯಿತು. "ಅಪ್ಪ ಮೊದಲ ಸಲಾನೇ ಕೇಳಿದ್ರು. ಇದಕ್ಕೊಂದು ಬಣ್ಣ ಬರುತ್ತಲ್ಲ, ಆ ಹುಡುಗ ಯಾಕೆ ಹಚ್ಚಲಿಲ್ಲ ಅಂತ."

ಅವನು ಹಿಂದಿರುಗಿ ನೋಡಿದ. ಕಪಾಟಿನಲ್ಲಿ ಬೆಳ್ಳಿ ಬಣ್ಣದ ಡಬ್ಬಿ ಎಲ್ಲರ ಕಣ್ಣಿಗೂ ಬೀಳುವಂತೆ ಕೂತಿತ್ತು.

"ನೀವು... ನನ್ನ ಕೇಳ್ಲಿಲ್ಲ."

"ಕೇಳ್ಲಿಲ್ಲ." ಅವಳು ತುಸು ನಕ್ಕಳು. "ಆಮೇಲಾಮೇಲೆ ಅಪ್ಪಾನೂ ಕೇಳೋದು ಬಿಟ್ರು. ತುಕ್ಕು ಕಂಡ್ರೆ ಊಟ ಬಿಡ್ತಿದ್ದವರು, ತುಕ್ಕು ಬಂತು, ಹೋಗಿ ಬಾ ಅಂತ ಅವರೇ ಕಳಿಸೋರು. ಅರ್ಧ ಮುಖದಲ್ಲಿ ನಗೋರು."

ಅವನು ಬ್ರಷ್ಷನ್ನು ಕೆಳಗಿಟ್ಟ.

"ಈಗ ನೀವೇ ಹೇಳಿ," ಅಂದಳು. "ಬಣ್ಣ ಹಚ್ಚೋದಾ, ಬೇಡ್ವಾ?"

ಕತ್ತು ವಾಲಿಸಿ, ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು. ಇದು ಉದ್ಯೋಗದ ನೋಟವಲ್ಲ ಎಂದು ಅವನಿಗೆ ಆಗ ಗೊತ್ತಾಯಿತು. ಗೊತ್ತಾಗಿದ್ದೇ ತಡ, ಕೈಯಲ್ಲಿ ಮಾಲಿರುವಾಗಲೇ ಸಿಕ್ಕಿಬಿದ್ದ ಕಳ್ಳನಂತೆ ಮೈಯೆಲ್ಲ ನಾಚಿಕೆ ಹರಡಿತು. ತೀರಿಹೋದ ಮುದುಕರಿಗೆ ತನ್ನ ಗುಟ್ಟು ಗೊತ್ತಿತ್ತು. ಇವಳಿಗೆ ಗೊತ್ತಿತ್ತು. ಕೆಲಸ ಅರ್ಧಕ್ಕೆ ಬಿಟ್ಟವನು ಎಂಬುದಷ್ಟೇ ಆ ಕ್ಷಣ ಅವನ ಕಿವಿಯಲ್ಲಿ ಗುಂಯ್‌ಗುಟ್ಟಿತು. ಕೆಲಸದ ಪ್ರಶ್ನೆಗೆ ಕೆಲಸದ ಉತ್ತರ ಕೊಟ್ಟೇ ಅವನಿಗೆ ಅಭ್ಯಾಸ.

"ಹಚ್ಚಿಬಿಡೋಣ ಮೇಡಂ," ಅಂದ. "ಹಚ್ಚಿದ್ರೆ ಮತ್ತೆ ಬರೋ ತೊಂದರೆ ಇರಲ್ಲ."

ಅವಳು ಬೆರಳಿನ ತುಕ್ಕನ್ನು ಕರವಸ್ತ್ರಕ್ಕೆ ನಿಧಾನವಾಗಿ ಒರೆಸಿಕೊಂಡಳು.

"ತೊಂದರೆ ಅಂತ ನಾನ್ಯಾವತ್ತೂ ಅಂದಿರಲಿಲ್ಲ," ಅಂದಳು. ಕರವಸ್ತ್ರ ಮಡಿಸಿ ಕೈಚೀಲಕ್ಕೆ ಹಾಕಿಕೊಂಡಳು. ಆಮೇಲೆ, "ಆಯ್ತು. ಹಚ್ಚಿ."

ಅವನು ಹಚ್ಚಿದ. ಪ್ಯಾಡ್ ಉಜ್ಜುವ ಅಂಚಿಗೆ ಒಂದು ಹನಿಯೂ ತಾಗದಂತೆ ಟೇಪು ಸುತ್ತಿ, ಎಣ್ಣೆ ಪಸೆ ಒರೆಸಿ, ತೆಳ್ಳಗೆ ಒಂದು ಕೈ, ಒಣಗಿದ ಮೇಲೆ ಇನ್ನೊಂದು ಕೈ. ಅಷ್ಟು ಅಚ್ಚುಕಟ್ಟಾಗಿ ಅವನು ಯಾವ ಕಾರಿಗೂ ಹಚ್ಚಿರಲಿಲ್ಲ. ಅವಳು ಬಾಗಿಲಲ್ಲಿ ನಿಂತು ಫೋನಿನಲ್ಲಿ ಅಕ್ಕನಿಗೆ ಏನೋ ಹೇಳುತ್ತಿದ್ದಳು. "ಹೂಂ, ಬರ್ತೀನಿ ಕಣೆ" ಎಂಬುದಷ್ಟೇ ಅವನಿಗೆ ಕೇಳಿಸಿತು.

ಸಂಜೆಯ ಮಬ್ಬಿನಲ್ಲಿ ಕಾರು ಬೀದಿಗಿಳಿಯಿತು. ಚಕ್ರದ ಸಂದಿಯಲ್ಲಿ ಬೆಳ್ಳಿ ಮಿಂಚಿತು. ತಿರುವಿನಲ್ಲಿ ಅವಳು ಬ್ರೇಕು ಒತ್ತಿದಳು. ಕೆಂಪು ದೀಪ, ಬೇಕಾದ್ದಕ್ಕಿಂತ ಒಂದಿಷ್ಟು ಹೆಚ್ಚು ಹೊತ್ತು, ಉರಿದು ಆರಿತು.

ಮಾವ ಕೈ ಒರೆಸಿಕೊಳ್ಳುತ್ತ ಪಕ್ಕಕ್ಕೆ ಬಂದ. ಬೈಯುತ್ತಾನೆ ಎಂದು ಅವನು ಅಂದುಕೊಂಡ. ಬೈಯಲಿಲ್ಲ.

"ಊಟ ಮಾಡಿದ್ಯೇನೋ?" ಅಂದ.

"ಹಸಿವಿಲ್ಲ ಮಾವ."

ಬಣ್ಣದ ಡಬ್ಬಿಯ ಮುಚ್ಚಳ ಬಿಗಿ ಮಾಡಿ ಅವನು ಕಪಾಟಿನಲ್ಲಿಟ್ಟ.

ಬಣ್ಣ ಬೇಡ, ತುಕ್ಕು ಬರಲಿ, ನೀವೂ ಬರುತ್ತಿರಿ ಎಂದು ಅವನು ಅವಳಿಗೆ ಹೇಳಲೇ ಇಲ್ಲ.