ಕಲ್ಲಿನ ಮೇಲೆ ಅಜ್ಜಿಯ ಹೆಸರು

"ಬಾರೆ ಒಳಗೆ, ಯಾರೂ ಬೈಯಲ್ಲ. ತಾತ ಟೀ ಕುಡಿಯಾಕೆ ಹೋಗೈತೆ," ಎಂದು ಸುಚಿತ್ರಾ ಕೃಪಾಳ ಕೈ ಹಿಡಿದು ಎಳೆದಳು.

ಹಿರಿಯೂರಿನ ಹೆದ್ದಾರಿ ಪಕ್ಕದಲ್ಲಿ ಸುಚಿತ್ರಾಳ ತಾತ ಜುಂಜಯ್ಯನ ಶೆಡ್ಡು. ಅಲ್ಲಿ ಕಲ್ಲಿನದೇ ರಾಜ್ಯ. ಒಂದು ಕಡೆ ಒರಳುಕಲ್ಲು, ಇನ್ನೊಂದು ಕಡೆ ನಾಗರಕಲ್ಲು, ಗೋಡೆಗೆ ಒರಗಿಸಿದ ಹೆಸರಿನ ಕಲ್ಲುಗಳು. ಐದನೇ ಕ್ಲಾಸಿನ ಗೆಳತಿಯರಿಬ್ಬರೂ ಗಣಿತದ ಎಕ್ಸಾಮ್ ಮುಗಿಸಿ, ಪ್ಯಾಡನ್ನು ಬಗಲಿಗೆ ಇಟ್ಟುಕೊಂಡೇ ಒಳಗೆ ನುಗ್ಗಿದ್ದರು.

"ನೋಡೆ, ಅಕ್ಷರ ಬರಿಯಾದು ನಮ್ಮಪ್ಪ, ಕೆಂಪು ಪೇಂಟಲ್ಲಿ. ತಾತಂಗೆ ಓದಾಕೆ ಬರಲ್ಲ. ಕೆಂಪು ಕಂಡ ಕಡೆ ಉಳಿ ಇಟ್ಟು ಹೊಡಿತಾ ಹೋಗುತ್ತೆ. ಆದ್ರೂ ಒಂದಕ್ಷರ ತಪ್ಪಲ್ಲ, ಗೊತ್ತಾ?" ಸುಚಿತ್ರಾ ತಾತನನ್ನು ಹೊಗಳುತ್ತಲೇ ಇದ್ದಳು. ಆದರೆ ಕೃಪಾಳ ಕಿವಿಗೆ ಅದೊಂದೂ ಬೀಳಲಿಲ್ಲ. ಅವಳು ಒಂದು ಕಲ್ಲಿನ ಮುಂದೆ ನಿಂತುಬಿಟ್ಟಿದ್ದಳು.

ಕಲ್ಲಿನ ತಲೆಯ ಮೇಲೊಂದು ಶಿಲುಬೆ. ಎಡಗಡೆ ಕೃಪಾಳ ತಾತ ಸಮುವೇಲಪ್ಪನ ಹೆಸರು, ಜನನ, ಮರಣದ ತಾರೀಖು. ಕಳೆದ ಮಳೆಗಾಲದಲ್ಲಿ ತಾತ ತೀರಿಕೊಂಡಿದ್ದರು. ಅವರ ಗೋರಿಗೆ ಕಲ್ಲು ಮಾಡಿಸುತ್ತಿರುವುದು ಅವಳಿಗೆ ಗೊತ್ತಿತ್ತು. ಅದು ಸರಿ. ಬಲಗಡೆ?

'ಮಾರ್ತಮ್ಮ. ಜನನ: 14-8-1952. ಮರಣ:'

ಮರಣ ಎಂದು ಬರೆದು ಮುಂದೆ ಒಂದಷ್ಟು ಖಾಲಿ ಜಾಗ ಬಿಟ್ಟಿದ್ದರು.

ಮಾರ್ತಮ್ಮ ಎಂದರೆ ಅವಳ ಅಜ್ಜಿ. ಬೆಳಗ್ಗೆ ತಾನೇ ಜಡೆ ಹಾಕಿ, ಡಬ್ಬಿಗೆ ಚಿತ್ರಾನ್ನ ತುಂಬಿ, "ಹಾಲ್ ಟಿಕೆಟ್ ಮರಿಬ್ಯಾಡ ಕಣೇ" ಎಂದು ಐದನೇ ಕ್ಲಾಸಿಗೆ ಇಲ್ಲದ ಹಾಲ್ ಟಿಕೆಟ್ಟನ್ನು ನೆನಪಿಸಿ ಕಳಿಸಿದ ಅಜ್ಜಿ.

"ಸುಚಿ, ಬದುಕಿರೋರ ಹೆಸರು ಯಾಕೆ ಬರ್ದವ್ರೆ?"

"ನಿಮ್ಮಜ್ಜಿನೇ ಬಂದು ಬರ್ಸಿದ್ದು. ಯಾಕೆ, ನಿಂಗೆ ಹೇಳಿಲ್ವಾ? ಹುಷಾರಿಲ್ವೇನೋ ಪಾಪ," ಎಂದಳು ಸುಚಿತ್ರಾ. ಅಷ್ಟರಲ್ಲಿ ಹಿಂದಿನ ಮನೆಯಿಂದ ಅವಳ ಅಮ್ಮ ಕೂಗಿದರು. ಅವಳು ಓಡಿದಳು.

ಈಗ ಶೆಡ್ಡಿನಲ್ಲಿ ಕೃಪಾ ಒಬ್ಬಳೇ. ಆ ಖಾಲಿ ಜಾಗ ಯಾವುದೋ ತಾರೀಖಿಗಾಗಿ ಕಾಯುತ್ತಾ ಕೂತಿದೆ ಎಂದು ಅವಳಿಗೆ ಅನ್ನಿಸಿತು. ನಾಳೆಯದ್ದೋ, ನಾಡಿದ್ದಿನದ್ದೋ, ಯಾರಿಗೆ ಗೊತ್ತು? ಅಲ್ಲಿ ಜಾಗವೇ ಇಲ್ಲದಿದ್ದರೆ? ಆಗ ತಾರೀಖನ್ನು ಎಲ್ಲಿ ಬರೆಯುತ್ತಾರೆ?

ಪಕ್ಕದಲ್ಲೇ ಕೆಂಪು ಪೇಂಟಿನ ಡಬ್ಬಿ, ಅದರೊಳಗೆ ಬ್ರಷ್ಷು. ಕೃಪಾ ಹಿಂದೆ ಮುಂದೆ ನೋಡಲಿಲ್ಲ. ಡ್ರಾಯಿಂಗಿನಲ್ಲಿ ಸ್ಕೂಲಿಗೇ ಫಸ್ಟ್ ಬರುವ ಹುಡುಗಿ ಅವಳು. ಖಾಲಿ ಜಾಗದ ತುಂಬಾ, ಉಳಿದ ಅಕ್ಷರಗಳಷ್ಟೇ ದೊಡ್ಡದಾಗಿ, ನೆಟ್ಟಗೆ ಬರೆದಳು: 'ಇಲ್ಲ'.

ಬ್ರಷ್ಷನ್ನು ಡಬ್ಬಿಗೆ ಹಾಕಿ ಒಂದೇ ಉಸಿರಿಗೆ ಮನೆಗೆ ಓಡಿದಳು.

ಅಜ್ಜಿ ಅಡುಗೆಮನೆಯಲ್ಲಿ ಈಸ್ಟರಿಗೆಂದು ಕಜ್ಜಾಯ ಕರಿಯುತ್ತಿದ್ದಳು. "ಎಕ್ಸಾಮ್ ಸುಲಭ ಇತ್ತಾ?" ಎಂದು ಕೇಳಿದಳು. ಕೃಪಾ ಉತ್ತರ ಕೊಡದೆ ಅಜ್ಜಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕೆಮ್ಮಿಲ್ಲ, ಜ್ವರವಿಲ್ಲ. ಆದರೆ ತಾತನೂ ಹಾಗೇ ಇದ್ದರಲ್ಲ? ಸಂಜೆ ಕಡಲೆಕಾಯಿ ತಿಂದು ಮಲಗಿದವರು ಬೆಳಗ್ಗೆ ಏಳಲೇ ಇಲ್ಲ.

ಅಂದಿನಿಂದ ಕೃಪಾಳಿಗೆ ಒಂದು ಅಭ್ಯಾಸ. ಬೆಳಗ್ಗೆ ಎಚ್ಚರವಾದ ಕೂಡಲೇ ಪಕ್ಕದಲ್ಲಿ ಮಲಗಿದ ಅಜ್ಜಿಯ ಮೂಗಿನ ಕೆಳಗೆ ಬೆರಳು ಹಿಡಿಯುತ್ತಿದ್ದಳು. ಬಿಸಿ ಗಾಳಿ ತಾಗಿದ ಮೇಲೆಯೇ ಹಾಸಿಗೆಯಿಂದ ಏಳುವುದು. ಈ ಗುಟ್ಟು ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದಳು. ಗುರುವಾರ ಎರಡು ಸಲ ಹಿಡಿದಳು. ಶುಭ ಶುಕ್ರವಾರ ಮೂರು ಸಲ.

ಶನಿವಾರ ಬೆಳಗ್ಗೆ ಅಪ್ಪ ಲಗೇಜ್ ಆಟೋ ತಂದರು. "ಕಲ್ಲು ರೆಡಿ ಆಗೈತಂತೆ. ಇವತ್ತೇ ನಿಲ್ಲಿಸಿಬಿಡಾಣ. ನಾಳೆ ಬೆಳಗ್ಗೆ ಈಸ್ಟರ್ ಆರಾಧನೆಗೆ ಎಲ್ಲಾರೂ ಸಮಾಧಿ ಹತ್ರ ಬರ್ತಾರೆ," ಎಂದರು. ಅಜ್ಜಿ ಕೃಪಾಳನ್ನೂ ಹತ್ತಿಸಿಕೊಂಡಳು.

ಜುಂಜಯ್ಯ ಹೆಮ್ಮೆಯಿಂದ ಗೋಣಿಚೀಲ ಸರಿಸಿದ. "ನೋಡ್ರಿ ಮಾರ್ತಕ್ಕ, ನೂರು ವರ್ಷ ಅಳಿಸಲ್ಲ."

ಅಪ್ಪ ಓದಿದರು. ಮತ್ತೊಮ್ಮೆ ಓದಿದರು.

"ಏನ್ರಿ ಇದು ಜುಂಜಯ್ಯ? ಮರಣ ಇಲ್ಲ ಅಂತ ಕೆತ್ತಿದಿರಲ್ರಿ."

"ಏನ್ ಇಲ್ಲ?" ಜುಂಜಯ್ಯ ಕಣ್ಣು ಕಣ್ಣು ಬಿಟ್ಟ. ಒಳಗಿನಿಂದ ಬಂದ ಮಗ ಹನುಮಂತರಾಜು ಕಲ್ಲು ನೋಡಿ ನಾಲಿಗೆ ಕಚ್ಚಿಕೊಂಡ. "ಅಪ್ಪ, ಇದು ನಾನು ಬರ್ದಿದ್ದಲ್ಲ," ಎಂದ. "ಕೆಂಪಗೆ ಇತ್ತಲ್ಲೋ, ಹೊಡ್ದೆ," ಎಂದು ಜುಂಜಯ್ಯ ತಲೆಯ ಮೇಲೆ ಕೈಹೊತ್ತು ಕುಕ್ಕರಿಸಿದ. ನಲವತ್ತು ವರ್ಷದಲ್ಲಿ ಅವನ ಉಳಿ ಒಂದಕ್ಷರವನ್ನೂ ಕೆಡಿಸಿರಲಿಲ್ಲ. ಮುದುಕನ ಕಣ್ಣಲ್ಲಿ ನೀರೇ ಬಂತು.

ಪೇಂಟು ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ ಎಂದುಕೊಂಡಿದ್ದಳು ಕೃಪಾ. ಇದು ಬೆರಳು ಹೋಗುವಷ್ಟು ಆಳ ಇಳಿದಿತ್ತು.

"ಯಾರ ಕೆಲಸ ಇದು?" ಅಪ್ಪ ದನಿ ಏರಿಸಿದರು.

ಓಡಿಹೋಗಬಹುದಿತ್ತು. ಆದರೆ ಜುಂಜಯ್ಯನ ಮುಖ ನೋಡಿ ಅವಳಿಗೆ ತಡೆಯಲಾಗಲಿಲ್ಲ. "ನಾನೇ ಬರ್ದಿದ್ದು. ಸುಚಿ ತಾತಂದು ತಪ್ಪಿಲ್ಲ," ಎಂದವಳೇ ಬಿಕ್ಕಿ ಬಿಕ್ಕಿ ಅತ್ತಳು. "ಖಾಲಿ ಜಾಗ ಇದ್ರೆ ಅಜ್ಜಿ ಸಾಯ್ತಾಳೆ. ಅದ್ಕೇ ತುಂಬಿಸ್ದೆ."

ಅಜ್ಜಿ ಅಲ್ಲೇ ಒಂದು ಚಪ್ಪಡಿಯ ಮೇಲೆ ಕುಳಿತು ಅವಳನ್ನು ಹತ್ತಿರ ಎಳೆದುಕೊಂಡಳು.

"ನೋಡ್ ಕಂದಾ, ಸುಳ್ಳು ಹೇಳಿ ನಿನ್ನ ಸಮಾಧಾನ ಮಾಡಲ್ಲ. ನಾನು ಒಂದಿನ ಸಾಯಾಳೇ. ಆಮೇಲೆ ನೀವು ಕಲ್ಲು ಕಿತ್ತು ಮತ್ತೆ ಕೆತ್ತಿಸಾಕೆ ಒದ್ದಾಡಬಾರ್ದು ಅಂತ ಈಗ್ಲೇ ಬರ್ಸಿದೆ. ನಿಂಗೆ ಮೊದ್ಲೇ ಹೇಳ್ಬೇಕಿತ್ತು. ಅದು ನನ್ನ ತಪ್ಪು."

"ನಿಂಗೆ ಭಯ ಆಗಲ್ವಾ?"

"ಆಗ್ತಿತ್ತು. ಹತ್ತೊಂಬತ್ತು ವರ್ಷಕ್ಕೆ ಆಸ್ಪತ್ರೇಲಿ ಆಯಾ ಕೆಲಸಕ್ಕೆ ಸೇರಿದೆ. ಮೊದಲ್ನೇ ವಾರಾನೇ ಒಬ್ರು ನನ್ನ ಕೈ ಹಿಡ್ಕಂಡೇ ಕಣ್ಣು ಮುಚ್ಚಿದ್ರು. ಬೆಡ್‌ಶೀಟ್ ಇಡೋ ರೂಮಿಗೆ ಹೋಗಿ ಚಿಲಕ ಹಾಕ್ಕಂಡು ಕುಂತಿದ್ದೆ. ಮೇಟ್ರನ್ ಬಂದು ಬಾಗ್ಲು ಬಡಿದ್ರೂ ತೆಗಿಲಿಲ್ಲ."

ಅಷ್ಟು ಗಟ್ಟಿಗಿತ್ತಿ ಅಜ್ಜಿ ಚಿಲಕ ಹಾಕಿಕೊಂಡು ಕೂತಿದ್ದಳೇ? ಕೃಪಾ ಅಳುವುದನ್ನೇ ಮರೆತಳು. "ಆಮೇಲೆ?"

"ಯೇಸು ಸ್ವಾಮಿ ಸತ್ತು ಮೂರನೇ ದಿನ ಎದ್ದು ಬಂದ್ರು ಅಂತ ಚಿಕ್ಕವಳಿಂದ ಸಂಡೇ ಸ್ಕೂಲಲ್ಲಿ ಬಾಯಿಪಾಠ ಮಾಡಿದ್ದೆ. ಆ ಕತ್ತಲೆ ರೂಮಲ್ಲಿ ಕುಂತಾಗ್ಲೇ ಅನ್ನಿಸಿದ್ದು, ಅದು ನನಗೋಸ್ಕರಾನೂ ಅಲ್ವಾ ಅಂತ. ಹೋಗಿ ವಾಪಸ್ ಬಂದೋರು ಅವ್ರು. ದಾರಿ ಗೊತ್ತಿರೋರು ಕೈ ಹಿಡ್ಕಂಡ್ರೆ ನಾನ್ಯಾಕೆ ಹೆದರ್ಲಿ? ಚಿಲಕ ತೆಗ್ದು ವಾರ್ಡಿಗೆ ಹೋದೆ. ಮೂವತ್ತೆಂಟು ವರ್ಷ ಅಂಥೋರ ಪಕ್ಕದಾಗೇ ಕುಂತೆ."

"ಮತ್ತೆ ತಾತಂಗೆ ತಾರೀಖು ಹಾಕವ್ರಲ್ಲ, ಅದು?"

"ಅದೂ ನಿಜಾನೇ. ಅವತ್ತು ಎಷ್ಟು ಅತ್ತಿದೀನಿ, ನೀನೇ ನೋಡಿದೀಯಲ್ಲ. ಅಳು ಬರುತ್ತೆ ಕಣೇ, ಅಗಲಿರಾದು ಕಷ್ಟ. ಭಯ ಮಾತ್ರ ಇಲ್ಲ. ಅವ್ರನ್ನ ಮತ್ತೆ ನೋಡ್ತೀನಿ."

ಜುಂಜಯ್ಯ ಎದ್ದು ಬಂದ. "ಅಕ್ಕ, ಆ ಜಾಗಕ್ಕೆ ಸಿಮೆಂಟ್ ತುಂಬ್ಲಾ? ಇಲ್ಲಾಂದ್ರೆ ಬ್ಯಾರೆ ಕಲ್ಲೇ ಹೊಡ್ಕೊಡ್ತೀನಿ."

ಅಜ್ಜಿ ಕಲ್ಲಿನ ಹತ್ತಿರ ಹೋದಳು. ಕನ್ನಡಕ ಸರಿಮಾಡಿಕೊಂಡು ಆ ಎರಡಕ್ಷರದ ಮೇಲೆ ಬೆರಳಾಡಿಸಿದಳು. ಇದ್ದಕ್ಕಿದ್ದಂತೆ ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಎಲ್ಲರಿಗೂ ಗಾಬರಿಯಾಯಿತು.

"ಇರ್ಲಿ ಬಿಡು ಜುಂಜಣ್ಣ. ಚೆನ್ನಾಗೈತೆ. ತಾರೀಖು ಬೇಕಾದ್ರೆ ಕೆಳಗೆ ಜಾಗ ಐತಲ್ಲ."

"ಅವ್ವ, ಚರ್ಚಿನೋರು ಏನಂತಾರೆ?" ಅಪ್ಪ ಕೇಳಿದರು.

"ಏನಂತಾರೆ? ಯೇಸು ಸ್ವಾಮಿ ಎದ್ದವ್ರೆ, ಇನ್ನು ಮರಣ ಇಲ್ಲ ಅಂತಾನೇ ತಾನೆ ನಾಳೆ ಬೆಳಗ್ಗೆ ಅಲ್ಲಿ ನಿಂತ್ಕಂಡು ಎಲ್ರೂ ಹಾಡಾದು? ಹತ್ತಿಸಪ್ಪ ಕಲ್ಲು."

ಮರುದಿನ ಮುಂಜಾನೆ ಸುಣ್ಣ ಬಳಿದ ಸಮಾಧಿಗಳ ನಡುವೆ ಜನ ಮೇಣದಬತ್ತಿ ಹಿಡಿದು ಹಾಡಿದರು. ಸೂರ್ಯ ಹುಟ್ಟಿದ ಮೇಲೆ ಒಬ್ಬೊಬ್ಬರೇ ಬಂದು ಹೊಸ ಕಲ್ಲನ್ನು ಓದಿದರು. ಕೆಲವರು ಹುಬ್ಬೇರಿಸಿದರು. ಅಜ್ಜಿಯ ಜೊತೆ ಕೆಲಸ ಮಾಡಿದ್ದ ಮುದುಕಿಯೊಬ್ಬಳು ಮಾತ್ರ ಅಲ್ಲೇ ತುಂಬಾ ಹೊತ್ತು ನಿಂತು, ಸೆರಗಿನಿಂದ ಕಣ್ಣೊರೆಸಿಕೊಂಡು, ಕೃಪಾಳ ತಲೆ ಸವರಿ ಹೋದಳು.

ಮಧ್ಯಾಹ್ನ ಊಟವಾದ ಮೇಲೆ ಅಜ್ಜಿ ಚಾಪೆ ಹಾಸಿಕೊಂಡು ಮಲಗಿದಳು. ಫ್ಯಾನು ತಿರುಗುತ್ತಿತ್ತು. ಅಜ್ಜಿಯ ಬಾಯಿ ಸ್ವಲ್ಪ ತೆರೆದಿತ್ತು, ಗೊರಕೆ ಕೇಳಿಸುತ್ತಿರಲಿಲ್ಲ. ಕೃಪಾಳ ಬೆರಳು ತನ್ನಷ್ಟಕ್ಕೇ ಅಜ್ಜಿಯ ಮೂಗಿನ ಕಡೆ ಹೊರಟಿತು.

ಅರ್ಧ ದಾರಿಯಲ್ಲಿ ನಿಂತಿತು. ಅವಳು ಕೈ ಹಿಂದೆ ತೆಗೆದು, ಅದನ್ನು ಅಜ್ಜಿಯ ಒರಟು ಅಂಗೈಯೊಳಗೆ ಇಟ್ಟು, ಪಕ್ಕದಲ್ಲೇ ಮಲಗಿದಳು.

"ಯಾಕೆ, ಇವತ್ತು ಚೆಕ್ ಮಾಡಲ್ವಾ?" ಎಂದಳು ಅಜ್ಜಿ, ಕಣ್ಣು ತೆರೆಯದೆಯೇ.

"ಇಲ್ಲ," ಎಂದಳು ಕೃಪಾ. ಅಜ್ಜಿಗಿಂತ ಮೊದಲು ಅವಳಿಗೇ ನಿದ್ದೆ ಬಂತು.