ಬಾಯಿ ಮುಚ್ಚಿಸಿದ ಸೆನ್ಸರ್

ಬೆಳಿಗ್ಗೆ ಒಂಬತ್ತೂವರೆಗೆ ನಿವೃತ್ತ ವೆಲ್ಡರ್ ಒಬ್ಬರು ಠಾಣೆಗೆ ಬಂದರು. ಕಡಲಿನ ಗ್ಯಾಸ್ ಘಟಕದಲ್ಲಿ ಕೆಲಸಕ್ಕಿದ್ದ ಮಗ ಆಸ್ಪತ್ರೆಯಲ್ಲಿದ್ದ; ಮುಖ, ಎರಡೂ ಕೈ ಸುಟ್ಟಿದ್ದವು.

“ಇದು ಯಾರೋ ಮಾಡಿದ ಕೆಲಸ ಸಾಹೇಬ್ರೇ. ಅವರನ್ನ ಬಿಡಬೇಡಿ. ನನ್ನ ಮಗಳೇ ಅಲ್ಲಿ ಶಿಫ್ಟ್ ಇನ್‌ಚಾರ್ಜ್. ಅವಳನ್ನ ಕೇಳಿ, ಎಲ್ಲಾ ಹೇಳ್ತಾಳೆ.”

ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿದರು.

ನಡುಗಡಲಿನಲ್ಲಿ ಕಬ್ಬಿಣದ ಕಾಲುಗಳ ಮೇಲೆ ನಿಂತ ಗ್ಯಾಸ್ ಪ್ಲಾಟ್‌ಫಾರ್ಮ್ ಅದು. ಅಲ್ಲಿ ನರಪಿಳ್ಳೆಯೂ ಇರುವುದಿಲ್ಲ; ದಡದ ಕಂಟ್ರೋಲ್ ರೂಮಿನಿಂದಲೇ ನಡೆಸುತ್ತಾರೆ. ಗ್ಯಾಸ್ ಸೋರಿದರೆ ಸೆನ್ಸರ್ ಕೂಗಿ, ಗ್ಯಾಸ್ ಬಾವಿ ತಾನಾಗಿಯೇ ಮುಚ್ಚಿಕೊಳ್ಳಬೇಕು. ಮತ್ತೆ ತೆರೆಯಲು ಮಾತ್ರ ಜನ ದೋಣಿಯಲ್ಲಿ ಹೋಗಬೇಕು. ಹಿಂದಿನ ದಿನ ಹುಡುಗ ತಪಾಸಣೆಗೆ ಹೋಗಿ ಒಳಕೋಣೆಯ ಸ್ವಿಚ್ ಹಾಕಿದ್ದೇ ತಡ, ಸೋರಿ ತುಂಬಿದ್ದ ಗ್ಯಾಸ್ ಭಗ್ಗೆಂದು ಹೊತ್ತಿಕೊಂಡಿತ್ತು. ಸೆನ್ಸರ್ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ.

ಪಂಚನಾಮೆಗೆ ದೋಣಿಯಲ್ಲೇ ಹೋಗಬೇಕಾಯಿತು. ಮೀಸೆ ಎಂದೇ ಹೆಸರಾದ ಹೆಡ್ ಕಾನ್‌ಸ್ಟೆಬಲ್ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡ.

“ಸಾರ್, ಕಳ್ಳರನ್ನ ಹಿಡಿಯೋಕೆ ಸೇರಿದ್ದು ನಾನು, ಮೀನು ಹಿಡಿಯೋಕಲ್ಲ.”

ಜೊತೆಗೆ ಬಂದಿದ್ದ ತಂತ್ರಜ್ಞ ಮೇಲೆ ಹತ್ತಿ ಪರೀಕ್ಷೆಯ ಗ್ಯಾಸನ್ನು ಸೆನ್ಸರ್‌ಗೆ ಹಿಡಿದ. ಅದರ ಪುಟ್ಟ ಕೆಂಪು ದೀಪ ತಕ್ಷಣ ಹೊತ್ತಿತು. ಆದರೆ ಸೈರನ್ ಕೂಗಲಿಲ್ಲ.

“ಸೆನ್ಸರ್ ಚೆನ್ನಾಗೇ ಇದೆ ಸಾರ್. ದಡದಿಂದಲೇ ಅದರ ಬಾಯಿ ಮುಚ್ಚಿಸಿದ್ದಾರೆ.”

ಕಂಟ್ರೋಲ್ ರೂಮಿನಲ್ಲಿ ಅದಕ್ಕೊಂದು ಕೀಲಿಯ ಸ್ವಿಚ್. ರಿಪೇರಿ ಸಮಯದಲ್ಲಷ್ಟೇ ತಿರುಗಿಸುವಂಥದ್ದು. ಕೀಲಿ ಇದ್ದದ್ದು ಎರಡು: ಒಂದು ಸೀಲ್ ಒಡೆಯದ ಪೆಟ್ಟಿಗೆಯಲ್ಲಿ, ಇನ್ನೊಂದು ಶಿಫ್ಟ್ ಇನ್‌ಚಾರ್ಜ್ ಕೊರಳಲ್ಲಿ. ಅಯ್ಯೋ, ಆ ಮುದುಕ ಯಾರನ್ನು ಕೇಳಿ ಎಂದಿದ್ದನೋ ಅವಳ ಕೊರಳಲ್ಲೇ!

“ನೀವೇ ತಿರುಗಿಸಿದ್ದಾ?” ಇನ್ಸ್‌ಪೆಕ್ಟರ್ ಅವಳನ್ನು ಕೇಳಿದರು.

“ಹೌದು.”

“ಯಾಕೆ?”

“ಗಾಳಿ ಎದ್ದಾಗೆಲ್ಲ ಉಪ್ಪುನೀರು ಬಡಿದು ಅದು ಸುಮ್ಮಸುಮ್ಮನೆ ಕೂಗುತ್ತೆ. ಕೂಗಿದ್ರೆ ಆ ಅಲೆಯಲ್ಲೇ ನನ್ನ ತಮ್ಮನನ್ನ ಕಳಿಸ್ತಾರೆ. ಹೋದ ಸಲ ದೋಣಿಗೂ ಏಣಿಗೂ ನಡುವೆ ಅವನ ಕಾಲು ಸಿಕ್ಕೊಂಡಿತ್ತು. ನಾನು ಇಲ್ಲಿ ಕೂತು ಕ್ಯಾಮೆರಾದಲ್ಲಿ ನೋಡ್ತಿದ್ದೆ ಸಾರ್.”

“ಗಾಳಿ ನಿಂತ ಮೇಲೆ?”

“ಮತ್ತೆ ಏಳುತ್ತೆ ಅಂತ ಹಾಗೇ ಬಿಟ್ಟೆ. ಈ ಸಲದ ಸರದಿ ಅವನದಲ್ಲ. ಗೆಳೆಯನಿಗೆ ಜ್ವರ ಅಂತ ಇವನು ಹೋದ. ನನಗೆ ಗೊತ್ತೇ ಇರಲಿಲ್ಲ.”

“ಬೇರೆಯವರ ಮಗ ಹೋಗಿದ್ರೆ ಪರವಾಗಿರಲಿಲ್ವಾ?” ಮೀಸೆ ತಡೆಯಲಾರದೆ ಕೇಳಿದ.

ಅವಳು ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಮಧ್ಯಾಹ್ನ ಮೂರಕ್ಕೆ ಮಹಿಳಾ ಪೇದೆ ಅವಳನ್ನು ಬಂಧಿಸಿದಳು. ತಮ್ಮನ ಮೇಲಿನ ಅಕ್ಕರೆ ಬಿಟ್ಟರೆ ಬೇರೆ ಕಾರಣ ತನಿಖೆಯಲ್ಲಿ ಸಿಗಲಿಲ್ಲ.

ಸಂಜೆ ಅಪ್ಪ ಮತ್ತೆ ಬಂದರು. ಸುದ್ದಿ ಮುಟ್ಟಿತ್ತು.

“ದೂರು ವಾಪಸ್ ತಗೊಳ್ಳಬಹುದಾ?”

“ಆಗಲ್ಲ ಯಜಮಾನ್ರೇ.”

ಅವರು ತಲೆಯಾಡಿಸಿದರು. ಆದರೂ ಬಾಗಿಲು ಬಿಟ್ಟು ಕದಲಲಿಲ್ಲ.

“ಮಗನಿಗೆ ಎಚ್ಚರ ಆಗಿದೆ. ಅಕ್ಕನ್ನ ಕರ್ಕೊಂಡು ಬಾ ಅಂತಾನೆ. ಏನು ಹೇಳಲಿ ಸಾಹೇಬ್ರೇ?”

ಮೀಸೆ ಕುರ್ಚಿ ತಂದು ಅವರನ್ನು ಕೂರಿಸಿದ.