ತಿದ್ದುಗಣ್ಣು ಮತ್ತು ಕೊಟ್ರೇಶಣ್ಣನ ಮೀಸೆ

ಗಡಿಯಾರ ಎಡಗೈಯಲ್ಲೇ ಉಳಿಯಿತು! ದಾವಣಗೆರೆಯ ಚಂದ್ರಮೌಳಿ ಟಾಕೀಸಿನ ಕೊನೆಯ ಸಾಲಿನಲ್ಲಿ ಕೂತಿದ್ದ ವಿಜ್ಞಾನಿ ಧೃತಿ ಎದ್ದು ಕುಣಿದುಬಿಡುವಷ್ಟು ಹಿಗ್ಗಿದಳು. ಪರದೆಯ ಮೇಲೆ ಓಡುತ್ತಿದ್ದುದು ‘ಕಿಡಿಗೂಳಿ’, ಅವಳು ಹುಟ್ಟುವುದಕ್ಕೂ ಮೊದಲು ಬಂದ ಹೊಡೆದಾಟದ ಸಿನಿಮಾ. ಅದರಲ್ಲಿ ಹೀರೊ ಬಾಗಿಲು ಒದೆಯುವಾಗ ಎಡಗೈಯಲ್ಲಿದ್ದ ಗಡಿಯಾರ, ಅವನು ಒಳಗೆ ನುಗ್ಗಿದ ಕೂಡಲೇ ಬಲಗೈಗೆ ಬಂದುಬಿಡುತ್ತಿತ್ತು. ಇಷ್ಟು ವರ್ಷ ಅದನ್ನು ಕೇಳುವವರೇ ಇರಲಿಲ್ಲ. ಈ ದಿನ ಮಾತ್ರ ಅದು ಕಟ್ಟಿದ ಕೈಯಲ್ಲೇ ತೆಪ್ಪಗೆ ಕೂತಿತ್ತು.

ಕೂರಿಸಿದ್ದು ಧೃತಿಯ ‘ತಿದ್ದುಗಣ್ಣು’. ಸಿನಿಮಾವನ್ನು ಒಂದೇ ಉಸಿರಿಗೆ ಯಾರೂ ತೆಗೆಯುವುದಿಲ್ಲ. ಬಾಗಿಲ ಹೊರಗಿನದನ್ನು ಈ ಹೊತ್ತು ತೆಗೆದರೆ ಒಳಗಿನದನ್ನು ಮುಂದಿನ ತಿಂಗಳು ತೆಗೆಯುತ್ತಾರೆ. ಆ ತುಂಡುಗಳು ಒಂದಕ್ಕೊಂದು ಹೊಂದಬೇಕು. ಅದಕ್ಕೆ ದೃಶ್ಯಸಾತತ್ಯ ಎನ್ನುತ್ತಾರೆ. ಪ್ರೊಜೆಕ್ಟರಿನ ಪಕ್ಕದಲ್ಲಿಟ್ಟಿದ್ದ, ಹಳೆಯ ಟ್ರಂಕಿನಷ್ಟು ದೊಡ್ಡ ಈ ಯಂತ್ರ ಪ್ರತಿ ಚಿತ್ರವನ್ನೂ ಅದು ಪರದೆ ಮುಟ್ಟುವ ಮೊದಲೇ ಓದಿ, ಹಿಂದಿನದರ ಜೊತೆ ಹೋಲಿಸಿ, ತಪ್ಪಿದ್ದಷ್ಟನ್ನು ಹೊಸದಾಗಿ ಬರೆದು ಕಳಿಸುತ್ತಿತ್ತು. ಅದರ ನ್ಯಾಯ ಸರಳ. ಹೆಚ್ಚು ಸಲ ಕಂಡದ್ದು ಸರಿ, ಅಪರೂಪಕ್ಕೆ ಕಂಡದ್ದು ತಪ್ಪು.

ಲೋಕಜ್ಞಾನವನ್ನೂ ಅವಳು ಅದಕ್ಕೆ ಕಲಿಸಿದ್ದಳು. ಈವರೆಗೆ ಅಕ್ಷಯಪಾತ್ರೆಯಾಗಿದ್ದ ಹೀರೊನ ಪಿಸ್ತೂಲು ಈಗ ಆರು ಗುಂಡು ಹಾರಿಸಿ ‘ಟಕ್’ ಎಂದಿತು. ಪಾಪ, ಹೀರೊ ಕಂಬದ ಹಿಂದೆ ಕೂತು ಗುಂಡು ತುಂಬಿಕೊಂಡ. ಅಷ್ಟು ಹೊತ್ತೂ ಖಳರು ಮರ್ಯಾದೆಯಿಂದ ಕಾದರು. ಅದನ್ನು ತಿದ್ದುವ ವಿದ್ಯೆ ಯಂತ್ರಕ್ಕೆ ಇನ್ನೂ ಬಂದಿರಲಿಲ್ಲ.

ತುಂಬಿದ ಸಭಾಂಗಣದಲ್ಲೇ ಯಂತ್ರದ ಪರೀಕ್ಷೆಯಾಗಬೇಕೆಂದು ಧೃತಿ ಮೈಸೂರಿನಿಂದ ಇಲ್ಲಿಗೆ ಬಂದಿದ್ದಳು. ಚಂದ್ರಮೌಳಿಯಲ್ಲಿ ವರ್ಷಕ್ಕೊಮ್ಮೆ ‘ಕಿಡಿಗೂಳಿ’ ಹಾಕುತ್ತಾರೆ, ಅವತ್ತು ಜನ ಕಿಕ್ಕಿರಿಯುತ್ತಾರೆ. “ಈ ಸಿನಿಮಾದಲ್ಲಿ ಏನೇನು ತಪ್ಪಿದೆ?” ಎಂದು ಕೇಳಿದ್ದಕ್ಕೆ ಮಾಲೀಕ ಮುರಿಗೆಪ್ಪ ಗಡಿಯಾರ ಹೇಳಿದ್ದ, ಪಿಸ್ತೂಲು ಹೇಳಿದ್ದ, ಹಣೆಯ ಗಾಯ ಅತ್ತಿಂದಿತ್ತ ಓಡಾಡುವುದನ್ನೂ ಹೇಳಿದ್ದ. “ಇನ್ನೇನೂ ಇಲ್ಲ ಬಿಡ್ರಿ, ಬಂಗಾರದಂಥಾ ಪಿಕ್ಚರ್ರು!” ಎಂದು ಮುಗಿಸಿದ್ದ.

ಬಂದ ಜನರೆಲ್ಲ ಕಾಗದದ ಮೀಸೆ ಅಂಟಿಸಿಕೊಂಡಿದ್ದರು. ಅಜ್ಜಿಯರಿಗೂ ಮೀಸೆ, ಕಂಕುಳ ಕೂಸಿಗೂ ಮೀಸೆ. ಹೀರೊನ ಮೇಲೆ ಎಷ್ಟು ಅಭಿಮಾನ ಈ ಊರಿಗೆ, ಎಂದುಕೊಂಡಳು ಧೃತಿ. ಪಕ್ಕದಲ್ಲಿ ಕೂತಿದ್ದ ಹುಡುಗಿ ಮಂಡಕ್ಕಿಯ ಪೊಟ್ಟಣ ಮುಂದೆ ಚಾಚಿದಳು.

“ತಗಳ್ರಿ ಅಕ್ಕ. ನಾನು ಮಾನ್ಯ. ಇವರು ನಮ್ಮ ತಾತ, ಕೊಟ್ರೇಶಣ್ಣ ಅಂತಾರೆ. ತಾತ ಈ ಪಿಕ್ಚರ್‌ನಾಗೆ ಅದಾರೆ! ಆ ಕಡೆ ಕೂತಿರೋರು ಬೀಗರು, ನನ್ನ ಮದುವೆ ಮಾತಿಗೆ ಬಂದಿರೋ ಚಿತ್ರದುರ್ಗದೋರು. ತಾತನ ಸೀನ್ ತೋರಿಸದೆ ನಮ್ಮನೇಲಿ ತಾಂಬೂಲ ಬದಲಾಗಲ್ಲ. ನಮ್ಮವ್ವನ ಮದುವೇಲೂ ಹಂಗೇ ಆಗಿತ್ತು.”

ಮೊಂಡು ಮೂಗಿನ, ನುಣ್ಣಗೆ ಗಡ್ಡ ಮೀಸೆ ಹೆರೆಸಿಕೊಂಡಿದ್ದ ಮುದುಕ ನಾಚಿ ನಕ್ಕ. ಬೀಗ ಗಿರೀಶಪ್ಪ ಮಾತ್ರ ಹುಬ್ಬೇರಿಸಿ, “ಕಣ್ಣಾರೆ ಕಂಡ ಮ್ಯಾಲೆ ನಂಬಾಣ ಬಿಡ್ರಿ” ಎಂದ. ಮಾನ್ಯಳ ಪಕ್ಕದಲ್ಲಿದ್ದ ವರ ಅಪ್ಪನ ಮಾತಿಗೆ ತಲೆ ತಗ್ಗಿಸಿದ.

“ನನ್ನ ಯಂತ್ರದಲ್ಲಿ ತಾತ ಇನ್ನೂ ಚೆನ್ನಾಗಿ ಕಾಣ್ತಾರೆ, ನೋಡ್ತಾ ಇರಿ” ಎಂದಳು ಧೃತಿ.

ಬಸ್ಸಿನ ದೃಶ್ಯ ಬಂತು. ಓಡುವ ಬಸ್ಸಿನ ನೆತ್ತಿಯ ಮೇಲೆ ಹೀರೊ. ಇಡೀ ಟಾಕೀಸು ಎದ್ದು ನಿಂತಿತು. ಎಲ್ಲರ ಕೈ ಮೀಸೆಗೆ ಹೋಯಿತು. ಹೀರೊ ಹಾರಿದ, ಹುಲ್ಲಿನ ಗಾಡಿಗೆ ಬಿದ್ದ, ಎದ್ದು ಮೀಸೆ ತಿರುವಿದ.

ಯಾರೂ ಕೂಗಲಿಲ್ಲ, ಸೀಟಿ ಹೊಡೆಯಲಿಲ್ಲ. ಕೈಗಳು ಮೀಸೆಯ ಮೇಲೆ ಹಾಗೇ ಉಳಿದವು.

“ಎಲ್ಲಿ ಹೋಯ್ತು?” ಎಂದ ಕೊಟ್ರೇಶಣ್ಣ. ಎಳೆಮಗು ಕೇಳಿದಂತಿತ್ತು ಆ ದನಿ.

“ಎಲ್ಲಿ ಬೀಗ್ರೇ, ನೀವು ಕಾಣಲೇ ಇಲ್ಲವಲ್ಲ!” ಎಂದ ಗಿರೀಶಪ್ಪ. “ಹಾರಿದ್ದು ಹೀರೋನೇ ಅಲ್ವೇನ್ರಿ? ಸುಳ್ಳು ಹೇಳಿ ಹೆಣ್ಣು ಕೊಡಬಾರದಪ್ಪ.”

ಮಾನ್ಯ ಮೊಗ ಕೆಂಪಗೆ ಮಾಡಿಕೊಂಡು ಧೃತಿಯತ್ತ ತಿರುಗಿದಳು. “ಹಾರಿದ್ದು ತಾತ ಕಣಕ್ಕ! ಹೀರೊ ಹೆದರ್ಕಂಡು ಬಸ್ ಹತ್ತಲೇ ಇಲ್ಲ. ತಾತಂಗೆ ಅಂಟಿನ ಮೀಸೆ ಹಚ್ಚಿ ಹಾರಿಸಿದ್ರು. ಗಾಳಿಗೆ ಮೀಸೆ ಕಿತ್ತು ಹಾರೋಯ್ತು, ತಾತನ ಮುಖ ಕಂಡುಬಿಡ್ತು. ಆಗ ನಾವೂ ಮೀಸೆ ಕಿತ್ತು ತೂರ್ತೀವಿ. ಈ ಊರ್ನಾಗೆ ಪಿಕ್ಚರ್ ಓಡೋದೇ ಅದಕ್ಕೆ!”

ಧೃತಿಗೆ ಎಲ್ಲವೂ ಒಮ್ಮೆಗೇ ಹೊಳೆಯಿತು. ಸಾವಿರ ಸಲ ಕಂಡ ಮುಖ ಹೀರೊನದು, ಒಂದೇ ಸಲ ಕಂಡದ್ದು ಕೊಟ್ರೇಶಣ್ಣನದು. ತಿದ್ದುಗಣ್ಣು ತನಗೆ ಕಲಿಸಿದ ನ್ಯಾಯದಂತೆಯೇ ನಡೆದು ಆ ಮುಖವನ್ನು ಒರೆಸಿಹಾಕಿತ್ತು. ಮುರಿಗೆಪ್ಪ ಹೇಳದೆ ಮುಚ್ಚಿಟ್ಟಿದ್ದೂ ಅಲ್ಲ. ಮೀಸೆ ಹಾರಿದ್ದು ಒಂದು ತಪ್ಪು ಎಂದು ಈ ಊರಿನಲ್ಲಿ ಯಾರಿಗೂ ಅನ್ನಿಸಿಯೇ ಇರಲಿಲ್ಲ.

ಅಯ್ಯೋ ದೇವರೇ ಎನ್ನುತ್ತ ಅವಳು ಪ್ರೊಜೆಕ್ಟರ್ ಕೋಣೆಗೆ ಓಡಿದಳು. ಹತ್ತು ವರ್ಷದ ದುಡಿಮೆಯ ಯಂತ್ರದ ತಂತಿಯನ್ನು ಒಂದೇ ಏಟಿಗೆ ಕಿತ್ತಳು.

“ಹಿಂದಕ್ಕೆ ಓಡ್ಸಿ ಮುರಿಗೆಪ್ಪನವರೇ! ಬಸ್ಸಿನ ಸೀನು! ಒನ್ಸ್ ಮೋರ್!”

ಮತ್ತೆ ಬಸ್ಸು, ಮತ್ತೆ ಹಾರಿಕೆ. ಮೀಸೆ ಪಟಕ್ಕನೆ ಕಿತ್ತು ಗಾಳಿಗೆ ಹೋಯಿತು. ಇಪ್ಪತ್ತೈದರ ಕೊಟ್ರೇಶಿ, ಅದೇ ಮೊಂಡು ಮೂಗು, ಕಣ್ಣರಳಿಸಿ ಬಾಯಿ ತೆರೆದು ಆಕಾಶದಲ್ಲಿ ತೇಲಿದ. “ಕೊಟ್ರೇಶಣ್ಣೋ!” ಎಂದು ಟಾಕೀಸಿನ ಚಾವಣಿ ಕಿತ್ತು ಹೋಗುವಂತೆ ಜನ ಕೂಗಿದರು. ನೂರಾರು ಕಾಗದದ ಮೀಸೆಗಳು ಹಾರಿ, ಒಂದು ಬಂದು ಧೃತಿಯ ತಲೆಯ ಮೇಲೆ ಕೂತಿತು. ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಗಿರೀಶಪ್ಪ ಒಮ್ಮೆ ಪರದೆ ನೋಡಿದ, ಒಮ್ಮೆ ಪಕ್ಕದ ಮುದುಕನ ಮೂಗು ನೋಡಿದ. ಆಮೇಲೆ ಎರಡು ಬೆರಳು ಬಾಯಿಗಿಟ್ಟು ಹೊಡೆದ ಸೀಟಿ ಚಿತ್ರದುರ್ಗಕ್ಕೆ ಕೇಳಿಸಿರಬೇಕು. “ತಪ್ಪಾಯ್ತು ಬೀಗ್ರೇ! ಎಲೆ ಅಡಿಕೆ ತರಿಸ್ರಿ, ಇಲ್ಲೇ ಆಗಿಬಿಡ್ಲಿ!” ಎದುರಿನ ಪಾನ್ ಅಂಗಡಿಯಿಂದ ವೀಳ್ಯದೆಲೆ ಬಂತು. ಇಂಟರ್‌ವಲ್ಲಿನಲ್ಲಿ ತಾಂಬೂಲ ಬದಲಾಯಿತು.

ಆಮೇಲೆ ಧೃತಿ ತಿದ್ದುಗಣ್ಣಿನ ತಿದ್ದುವ ಕೈಯನ್ನು ಕಟ್ಟಿಹಾಕಿ, ಹುಡುಕುವ ಕಣ್ಣನ್ನಷ್ಟೇ ಉಳಿಸಿದಳು. ಹಳೆಯ ಸಿನಿಮಾಗಳಲ್ಲಿ ಅದು ಹೀರೊನ ವೇಷದಲ್ಲಿ ಬೇರೊಬ್ಬರ ಮುಖ ಕಂಡ ಕೂಡಲೇ ಚಿತ್ರ ನಿಲ್ಲಿಸುತ್ತಿತ್ತು. ಗದಗಿನಲ್ಲಿ ಒಬ್ಬಾಕೆ “ನಮ್ಮ ಮಾವ!” ಎಂದು ಕುರ್ಚಿ ಹತ್ತಿದಳು. ಮಂಡ್ಯದಲ್ಲಿ ಕುದುರೆಯಿಂದ ಬಿದ್ದವನ ಮೊಮ್ಮಕ್ಕಳು ಲಾಡು ಹಂಚಿದರು. ನಾಡಿನ ಟಾಕೀಸುಗಳಲ್ಲೆಲ್ಲ ಜನ ತಪ್ಪು ಹುಡುಕಲೆಂದೇ ಟಿಕೆಟು ಕೊಂಡರು, ತಪ್ಪು ಸಿಕ್ಕಾಗ ಹಬ್ಬ ಮಾಡಿದರು.

ಆದರೆ ಒಂದು ಕಾಲದಿಂದ ಈಚೆಗಿನ ಸಿನಿಮಾಗಳಲ್ಲಿ ಯಂತ್ರ ನಿಲ್ಲುವುದೇ ಅಪರೂಪವಾಯಿತು. ಹಾರಿದವನ ಮುಖದ ಮೇಲೆ ಕಂಪ್ಯೂಟರಿನಲ್ಲೇ ಹೀರೊನ ಮುಖ ಕೂರಿಸುವ ವಿದ್ಯೆ ಬಂದ ಕಾಲ ಅದು. ಅಂದರೆ ಧೃತಿಯ ಪಾಲಿಗೆ ಆಗಲೇ ಕಳೆದುಹೋಗಿದ್ದ, ನಾವು ನೀವು ಈಗ ಬದುಕುತ್ತಿರುವ ಕಾಲ.

ಮಾನ್ಯಳ ಮದುವೆಯ ಊಟದಲ್ಲಿ ಧೃತಿ ಅದನ್ನು ಕೊಟ್ರೇಶಣ್ಣನಿಗೆ ಹೇಳಿ ನಿಟ್ಟುಸಿರಿಟ್ಟಳು. “ಒಂದು ತಪ್ಪೂ ಸಿಗ್ತಿಲ್ಲ ಅಣ್ಣಾ. ಹಾರಿದವರು ಯಾರು ಅಂತ ನಾವು ತಿಳಿಯೋದು ಹೇಗೆ?”

ಮುದುಕ ಮಿರ್ಚಿ ಬಜ್ಜಿ ಕಚ್ಚಿ, ಎಂದೋ ಮುರಿದು ಕೂಡಿದ ಮೊಣಕಾಲನ್ನು ನೀವಿಕೊಂಡ.

“ಈಗ ನಮ್ಮ ಕೈಲಿ ಎಲ್ಲಿ ಆಗುತ್ತೆ ಮೇಡಂ? ಆ ಕಾಲದೋರೇ ಕೇಳಿ ತಿಳ್ಕಂಡು ಸೀಟಿ ಹೊಡೀಬೇಕಿತ್ತು. ಹಾರಿದೋನು ಅಲ್ಲೇ ಇದ್ನಲ್ರೀ, ಅವರ ಊರ್ನಾಗೇ.”